ಮಾವ ಬಿಚ್ಚಿದ ಬುಟ್ಟಿ

ರಜೆ ಶುರುವಾಗುವುದಕ್ಕೆ ಮೊದಲಿನ ಒಂದು ವಾರ ನನ್ನಷ್ಟು ಕೆಲಸಗಾತಿ ಹೊನ್ನಾಳಿ ತಾಲ್ಲೂಕಿನಲ್ಲೇ ಇನ್ನೊಬ್ಬಳಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಲೇ ಮನಸ್ಸಿನಲ್ಲಿ ಸ್ವೆಟರ್ ಹೆಣೆದು ಮುಗಿಸಿ, ಬಾಗಿಲಿಗೆ ಕ್ರೋಶಾ ತೋರಣ ಕಟ್ಟಿ, ಬಂದವರಿಂದ ಹೊಗಳಿಸಿಕೊಂಡೂ ಆಗಿರುತ್ತದೆ. ರಜೆ ಬಂದ ಮೇಲಿನ ಕಥೆ ಬೇರೆ. ಮಗಳು ಒಂದನೇ ತರಗತಿಯಲ್ಲಿದ್ದಾಗ ಶುರುಮಾಡಿದ ಸ್ವೆಟರಿನ ಒಂದು ತೋಳು ಮುಗಿಯುವ ಹೊತ್ತಿಗೆ ಅವಳು ಹೈಸ್ಕೂಲಿಗೆ ಬಂದಿದ್ದಳು. ಆ ತೋಳು ಈಗ ಬಿಸಿನೀರಿನ ಬಾಟಲಿಗೆ ಅಂಗಿಯಾಗಿದೆ. ಆದರೂ ನನ್ನ ಧೈರ್ಯ ಕುಗ್ಗಿಲ್ಲ. ಜಗಳೂರಿನ ನನ್ನ ತವರುಮನೆಯ ಓಣಿಯಲ್ಲಿ ಕಂಬಳಿ ನೇಯುವವರಿದ್ದರು. ಚಿಕ್ಕಂದಿನಲ್ಲಿ ಅವರ ಮಗ್ಗದ ಮುಂದೆ ಗಂಟೆಗಟ್ಟಲೆ ಕೂತು ನೋಡಿದವಳು ನಾನು. ಆ ವಿದ್ಯೆ ಒಳಗೆಲ್ಲೋ ಇಳಿದಿರಲೇಬೇಕು ಎಂದು ನನ್ನ ನಂಬಿಕೆ. ನೋಡಿ ನೋಡಿಯೇ ವಿದ್ಯೆ ಬರುವುದಾದರೆ ನಮ್ಮ ಶಾಲೆಯ ಗೋಡೆಗಳು ಎಂದೋ ಎಸ್ಸೆಸ್ಸೆಲ್ಸಿ ಪಾಸಾಗಬೇಕಿತ್ತು.

ಈ ಸಲದ ದಸರಾ ರಜೆಗೆ ವೈರ್ ಬುಟ್ಟಿ ಎಂದು ತೀರ್ಮಾನಿಸಿದೆ. ಪ್ಲಾಸ್ಟಿಕ್ ವೈರಿಗೆ ಗಂಟಿನ ಪಕ್ಕ ಗಂಟು ಹಾಕುತ್ತಾ ಹೆಣೆಯುವ, ಸಂತೆಗೆ ಒಯ್ಯುವ ಬುಟ್ಟಿ. ಪೇಟೆಯಿಂದ ನೀಲಿ, ಬಿಳಿ ವೈರಿನ ಕಟ್ಟು ತಂದು, ನಡುಮನೆಯಲ್ಲಿ ಹರವಿಕೊಂಡು, ಮೊಬೈಲನ್ನು ಚೊಂಬಿಗೆ ಒರಗಿಸಿ ವಿಡಿಯೊ ಹಾಕಿಕೊಂಡು ಕೂತೆ. ಎದುರಿನ ಕುರ್ಚಿಯಲ್ಲಿ ನಮ್ಮ ಮಾವ.

ಮಾವನವರು ಸವಳಂಗದಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಪೇಪರಿನ ಪೊಟ್ಟಣಕ್ಕೆ ದಾರ ಸುತ್ತಿ, ಗಂಟು ಹಾಕಿ, ಬೆರಳಲ್ಲೇ ಪಟ್ಟನೆ ಹರಿಯುವುದನ್ನು ನೋಡಲೆಂದೇ ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಅಂಗಡಿ ಮುಂದೆ ನಿಲ್ಲುತ್ತಿದ್ದರಂತೆ. ಹೋದ ವರ್ಷ ಲಕ್ವ ಹೊಡೆದು ಅವರ ಬಲಭಾಗ ಸೋತಿತು. ನಮ್ಮ ಮನೆಗೆ ಬಂದರು. ಕಾಲು ಸರಿಹೋಯಿತು. ಮಾತು ಸರಿಹೋಯಿತು, ಮೊದಲಿಗಿಂತ ತುಸು ಹೆಚ್ಚೇ ಸರಿಹೋಯಿತು. ಕೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು. ಶಿವಮೊಗ್ಗದ ಡಾಕ್ಟರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಲು ಹೇಳಿದ್ದರು. "ಈ ವಯಸ್ಸಿನಾಗೆ ಚೆಂಡಾಟ ಆಡಾಕೆ ನಾನೇನು ಕೂಸೇನವ್ವಾ?" ಎಂದು ಮಾವ ಅದನ್ನು ಮುಟ್ಟಲಿಲ್ಲ. ಊಟದ ಹೊತ್ತಿಗೆ ತಟ್ಟೆ ಹಾಕಿಸಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಯಾರೂ ನೋಡಬಾರದು. ನಾವೂ ಏನೂ ಗೊತ್ತಿಲ್ಲದವರಂತೆ ಉಪ್ಪು ಖಾರದ ಮಾತಾಡುತ್ತಾ ಉಣ್ಣುತ್ತಿದ್ದೆವು.

ಕೈ ಸುಮ್ಮನಿದ್ದರೂ ಕಣ್ಣು ಸುಮ್ಮನಿರಲಿಲ್ಲ. "ಇದೇನವ್ವಾ, ಬುಟ್ಟಿ ಚನ್ನಗಿರಿ ಕಡೆ ವಾಲೈತಲ್ಲ?" ಎಂದರು ಮೊದಲ ದಿನ. ಎರಡನೇ ದಿನ, "ಮೂರನೇ ಸಾಲಾಗೆ ಎರಡು ಗಂಟು ತಪ್ಪ್ಯಾವೆ ನೋಡು" ಎಂದರು. ಮೂವತ್ತು ಮಕ್ಕಳ ಕಾಗುಣಿತ ತಿದ್ದುವ ನನಗೆ ತಪ್ಪು ತೋರಿಸುವುದೇ! "ವಿಡಿಯೊದಾಗೆ ಹಿಂಗೇ ಐತೆ ಮಾವಾ" ಎಂದು ಮುಂದುವರಿಸಿದೆ. ವಿಡಿಯೊದ ಹೆಂಗಸಿನ ಬುಟ್ಟಿ ನೆಟ್ಟಗಿತ್ತು ಎಂಬುದನ್ನು ಹೇಳಲಿಲ್ಲ. ವೈರು ಬಿಗಿದೆಳೆದು ನನ್ನ ಎರಡು ಉಗುರು ಕಿತ್ತುಹೋಗಿದ್ದವು. ಒಟ್ಟು ಏಳು ಸಾಲು ಎದ್ದಿದ್ದವು.

ಮೂರನೇ ದಿನ ಮಧ್ಯಾಹ್ನ ಅಡ್ಡಾದವಳು ಚಹಾದ ಹೊತ್ತಿಗೆ ಎದ್ದು ಬಂದೆ. ನೋಡಿದರೆ ಏಳರಲ್ಲಿ ಮೂರೇ ಸಾಲು ಉಳಿದಿವೆ! ಬಿಚ್ಚಿದ ವೈರುಗಳು ಸುರುಳಿಸುರುಳಿಯಾಗಿ ಮಾವನ ತೊಡೆಯ ಮೇಲೆ ಬಿದ್ದಿವೆ. ಮದುವೆಯಾಗಿ ಇಷ್ಟು ವರ್ಷವಾದರೂ ಮಾವನ ಎದುರು ದನಿಯೆತ್ತದವಳು ಅವತ್ತು ಎತ್ತಿಬಿಟ್ಟೆ.

"ಎರಡು ದಿನದ ಕೆಲಸ ರೀ ಮಾವಾ ಅದು! ಬಿಚ್ಚಾಕೆ ಮುಂಚೆ ಒಂದು ಮಾತು ಕೇಳಬಾರದಾಗಿತ್ತಾ?"

"ಹೇಳಿದ್ನಲ್ಲವ್ವಾ, ಮೂರನೇ ಸಾಲಾಗೆ ತಪ್ಪೈತೆ ಅಂತ. ನೀನು ಕೇಳಲಿಲ್ಲ. ತಪ್ಪಿನ ಮ್ಯಾಲೆ ಕಟ್ಟಿದ್ರೆ ಮ್ಯಾಲಿಂದೂ ತಪ್ಪೇ" ಎಂದರು, ತಣ್ಣಗೆ.

ಅಡುಗೆಮನೆಗೆ ಹೋಗಿ ಚಹಾದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದೆ. ಸಕ್ಕರೆ ಡಬ್ಬಿಯನ್ನೂ ಕುಕ್ಕಿದೆ. ಕುಕ್ಕಲು ಇನ್ನೇನಿದೆ ಎಂದು ಹುಡುಕುತ್ತಿದ್ದಾಗ ಕಿತ್ತುಹೋದ ಉಗುರು ಚುರ್ರೆಂದಿತು. ಆಗ ಹೊಳೆಯಿತು. ನಾನು ಅಷ್ಟು ಬಿಗಿಯಾಗಿ ಎಳೆದ ಗಂಟುಗಳನ್ನು ಒಂದೇ ಕೈಯಲ್ಲಿ ಬಿಚ್ಚುವುದು ಹೇಗೆ? ಮೆಲ್ಲಗೆ ಬಾಗಿಲ ಹತ್ತಿರ ಬಂದು ಇಣುಕಿದೆ. ಮಾವ ಎಡಗೈಯಲ್ಲಿ ಬುಟ್ಟಿಯನ್ನು ಎದೆಗೆ ಅವುಚಿ ಹಿಡಿದಿದ್ದರು. ಬಲಗೈಯ ಹೆಬ್ಬೆರಳು, ತೋರುಬೆರಳು ನಡುಗುತ್ತಾ ಒಂದು ಗಂಟಿನ ಸುತ್ತ ಸುಳಿದಾಡುತ್ತಿದ್ದವು. ಜಾರಿದವು. ಮತ್ತೆ ಹಿಡಿದವು. ಹಣೆಯ ತುಂಬ ಬೆವರು. ಗಂಟು ಸಡಿಲವಾದಾಗ ಒಬ್ಬರೇ "ಹಾಂ, ಬಾ" ಎಂದರು, ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುವ ಹಾಗೆ. ಒಲೆಯ ಮೇಲೆ ಚಹಾ ಉಕ್ಕಿ ಹೋಯಿತು. ನಾನು ಅಲ್ಲಾಡಲಿಲ್ಲ.

ಸಂಜೆ ಬ್ಯಾಂಕಿನಿಂದ ಬಂದ ನಮ್ಮ ಯಜಮಾನರಿಗೆ ಗುಟ್ಟಾಗಿ ಹೇಳಿದೆ: "ಇನ್ನು ಮೇಲೆ ಬೇಕಂತಲೇ ತಪ್ಪು ಹಾಕ್ತೀನಿ. ಮಾವ ಬಿಚ್ಚಲಿ." ಅವರು ನನ್ನನ್ನು ನೋಡಿದ ನೋಟದಲ್ಲಿ ಹೊಸ ಗೌರವವಿತ್ತು. ಮಾರನೇ ದಿನ ಒಂದೆರಡು ತಪ್ಪುಗಳನ್ನು ಯೋಚಿಸಿ ಹಾಕಿದೆ. ಆಮೇಲೆ ಯೋಚಿಸುವ ಶ್ರಮವೇ ಬೇಕಾಗಲಿಲ್ಲ. ನಾನು ಬೆಳಿಗ್ಗೆ ಹೆಣೆಯುವುದು, ಮಾವ ಮಧ್ಯಾಹ್ನ ಬಿಚ್ಚುವುದು. ಹೀಗೆ ವಾರ ಕಳೆಯಿತು. ಆಮೇಲೊಂದು ದಿನ ಬಿಚ್ಚಿದ ಜಾಗದಲ್ಲಿ ಒಂದು ಗಂಟು ಹೊಸದಾಗಿ ಕೂತಿತ್ತು. ಸಡಿಲವಾಗಿತ್ತು, ಆದರೆ ನೆಟ್ಟಗಿತ್ತು. ನಾನು ನೋಡಿದೆ; ನಾನು ನೋಡಿದ್ದನ್ನು ಮಾವನೂ ನೋಡಿದರು. ಮಾರನೇ ದಿನ ನಾಲ್ಕು ಗಂಟು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಬುಟ್ಟಿ ಪೂರಾ ಮಾವನ ಪಾಲಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ತಟ್ಟೆ ಕೋಣೆಗೆ ಹೋಗಲಿಲ್ಲ. ನಮ್ಮ ಜೊತೆಗೇ ಕೂತು ಮುದ್ದೆ ಮುರಿದರು. ಸಾರು ಮೊಣಕೈವರೆಗೆ ಇಳಿಯಿತು. ಮಗಳು ಪಲ್ಯದ ಬಟ್ಟಲನ್ನು ಅವರ ಕಡೆ ಸರಿಸಿದಳು, ಅಷ್ಟೆ.

ದೀಪಾವಳಿ ಕಳೆದ ಮೇಲೆ ಮಾವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಡಿಯಲು ಹೇಳಿದರು. ಮಾವ ಹಿಡಿದ ಹಿಡಿತಕ್ಕೆ ಡಾಕ್ಟರ ಹುಬ್ಬು ಮೇಲೇರಿತು. "ಭೇಷ್! ಚೆಂಡು ಚೆನ್ನಾಗಿ ಹಿಚುಕಿದ್ದೀರಿ ಯಜಮಾನ್ರೇ."

"ಚೆಂಡಲ್ಲ ಸಾರ್" ಎಂದು ನಮ್ಮವರು ಹೆಮ್ಮೆಯಿಂದ ಮುಂದೆ ಬಂದರು. "ನನ್ನ ಹೆಂಡ್ತಿ ಮಾಡಿದ ಉಪಾಯ. ಬುಟ್ಟಿ ಹೆಣೆಯೋ ನೆಪದಾಗೆ ಬೇಕಂತಲೇ ತಪ್ಪು ಹಾಕಿ, ದಿನಾ ಇವರ ಕೈಲಿ ಬಿಚ್ಚಿಸಿದ್ಲು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಎಂಥಾ ತಾಳ್ಮೆ ಅಮ್ಮಾ ನಿಮ್ಮದು!" ಎಂದರು. ನಾನು ಸೆರಗು ಸರಿಮಾಡಿಕೊಂಡು, ಇಂಥ ಸಂದರ್ಭಕ್ಕೆ ತಕ್ಕ ವಿನಯದಿಂದ ತಲೆ ತಗ್ಗಿಸಿದೆ.

"ಉಪಾಯ ಗಿಪಾಯ ಏನಿಲ್ಲ ಡಾಕ್ಟ್ರೇ" ಎಂದರು ಮಾವ, ಅಂಗಿಯ ಎಡತೋಳು ಇಳಿಸಿ ಬಲಗೈಯಲ್ಲೇ ಗುಂಡಿ ಹಾಕಿಕೊಳ್ಳುತ್ತಾ. "ಪಾಪ, ಆಕೆಗೆ ನಿಜವಾಗ್ಲೂ ಬರಲ್ಲ."