ಕುಡಿತ ಬಿಟ್ಟ ಹೊಗೆಗಟ್ಟಿ

1941ರಲ್ಲಿ ಯಲಬುರ್ಗಿಯ ಹಗುರ-ಭಾರ ತಪಾಸಣಾ ದಫ್ತರದಲ್ಲಿ ಕಾಯಂ ಜವಾನನ ಹುದ್ದೆ ಒಂದು ಖಾಲಿ ಇತ್ತು. ಅದಕ್ಕೆ ಬೇಕಾದದ್ದು ಒಳ್ಳೆಯ ಗುಣ, ಮತ್ತೇನಿಲ್ಲ. ಹಂಗಾಮಿ ಜವಾನ ದಾದೇಸಾಬ ತನ್ನ ಮದುವೆಗೂ ಮೊದಲೇ ಅರ್ಜಿ ಹಾಕಿದ್ದ. ಈಗ ಮಗಳ ಮದುವೆ ಬಂದಿತ್ತು. "ನೀ ಕಾಯಂ ಆಗು, ಆಮ್ಯಾಲ ನಿಕಾ" ಎಂದಿದ್ದ ಬೀಗ ಹಾಜಿಸಾಬ.

ಅಷ್ಟರಲ್ಲಿ ಹೈದರಾಬಾದಿನ ದೊಡ್ಡ ದಫ್ತರದಿಂದ ಡಬ್ಬಿಯೊಂದು ಬಂತು. ಒಳಗೆ ಉಸುಕಿನ ಸತ್ವದಿಂದ ಮಾಡಿದ, ಹೊಗೆ ಹೆಪ್ಪುಗಟ್ಟಿದಂಥ ನೀಲಿ ಗಟ್ಟಿ, ಅರಳೆಗಿಂತ ಹಗುರ. ಜೊತೆಗೆ ಹುಕುಂ: "ಸದರಿ ಗಟ್ಟಿಯ ಗುಣ ಪರೀಕ್ಷಿಸಿ, ದೋಷವಿದ್ದಲ್ಲಿ ಮೈ ಮಾರ್ಪಡಿಸಿ, ವರದಿ ಒಪ್ಪಿಸತಕ್ಕದ್ದು."

ದಫ್ತರಕ್ಕೆ ಗೊತ್ತಿದ್ದ ಗುಣಪರೀಕ್ಷೆ ಒಂದೇ, ಜವಾನರದು. ಅಲ್ಲಿನ ಅಧಿಕಾರಿ ಉಮಾಪತಿ ಸಾಹೇಬರು ಅದನ್ನೇ ಶುರು ಮಾಡಿದರು.

"ಕುಡೀತೈತೇನು?"

ದಾದೇಸಾಬ ಒಂದು ಹನಿ ನೀರು ಹಾಕಿದ. ಗಟ್ಟಿ ಅದನ್ನು ಹೀರಿತು, ಆ ಮೂಲೆ ಕುಸಿದು ಪುಡಿಯಾಯಿತು.

"ಕುಡೀತೈತ್ರಿ. ಕುಡದ ಬೀಳತೈತ್ರಿ. ನನಗ ಆ ಚಟ ಇಲ್ರಿ ಸಾಹೇಬ್ರ."

"ನಿನ್ನ ಯಾರ ಕೇಳ್ಯಾರ?"

ಕುಡಿತ ಬಿಡಿಸಲು ಕಿನ್ನಾಳದಿಂದ ಗೊಂಬೆಗಳ ಬಣ್ಣಗಾರ ಹೊನ್ನೂರಪ್ಪನನ್ನು ಕರೆಸಿದರು. ಅವನು ಮೇಣ ಕಾಯಿಸಿ ಗಟ್ಟಿಯ ಮೈಗೆಲ್ಲ ಅದರ ಹೊಗೆ ಹಿಡಿಸಿದ. ಮತ್ತೆ ಹನಿ ಹಾಕಿದರೆ ಮುತ್ತಿನಂತೆ ಉರುಳಿ ನೆಲಕ್ಕೆ ಬಿತ್ತು.

"ಬಿಟ್ಟತ್ರಿ," ಎಂದ ಹೊನ್ನೂರಪ್ಪ. "ನಮ್ಮ ಅಳಿಯಗೂ ಒಮ್ಮೆ ಹಿಡಿಸಿ ನೋಡತೀನಿ."

ಕೊನೆಗೆ ಗಟ್ಟಿಯ ಕೆಳಗೆ ಚಿಮಣಿ ದೀಪ ಹಚ್ಚಿಟ್ಟರು. ಸಾಹೇಬರು ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು.

"ಕೆಳಗಿನವರ ಬಿಸಿ ಮ್ಯಾಲಿನವರಿಗೆ ಮುಟ್ಟಸೂದಿಲ್ಲ," ಎಂದರು. "ಇಂಥ ನೌಕರ ನಮಗ ಸಿಕ್ಕಿದ್ದಿಲ್ಲ."

ವರದಿ ಹೋಯಿತು: ಕುಡಿತ ಬಿಟ್ಟಿದೆ, ರಜೆ ಕೇಳುವುದಿಲ್ಲ, ಯಾರಿಗೂ ಭಾರವಲ್ಲ. ದೊಡ್ಡ ದಫ್ತರದ ಉತ್ತರವೂ ಬಂತು: "ಗುಣ ಸಾಬೀತಾದ ಕಾರಣ ಸದರಿಯವರನ್ನು ಖಾಲಿ ಇರುವ ಹುದ್ದೆಗೆ ಕಾಯಂ ಮಾಡಲಾಗಿದೆ."

"ಹಂಗಾರ ನೀರು ಯಾರು ತರಬೇಕ್ರಿ?" ಎಂದು ಕೇಳಿದ ದಾದೇಸಾಬ.

"ನೀನ ತರಬೇಕಪಾ. ಅವರು ನೀರು ಮುಟ್ಟಂಗಿಲ್ಲ."

ಮರುದಿನ ಕಿಟಕಿಯಿಂದ ಗಾಳಿ ಬೀಸಿ ಕಾಯಂ ಜವಾನರು ಬಾಗಿಲತನಕ ಹಾರಿದರು. ಪರವಾನಗಿಯಿಲ್ಲದೆ ದಫ್ತರ ಬಿಡುವುದು ಅಪರಾಧ. ಆದ್ದರಿಂದ ಹೊಸ ಹುಕುಂ ಹೊರಟಿತು: ಗಾಳಿ ಇರುವತನಕ ದಾದೇಸಾಬನ ನೌಕರಿ ಮುಂದುವರಿಯತಕ್ಕದ್ದು, ಅವನು ಸದರಿಯವರನ್ನು ಎರಡೂ ಕೈಯಿಂದ ಹಿಡಿದಿರತಕ್ಕದ್ದು.

ಸುದ್ದಿ ಕೇಳಿ ಹಾಜಿಸಾಬ ದಫ್ತರಕ್ಕೇ ಬಂದ.

"ಕಾಯಂ ಆತೇನು?"

"ಇಲ್ಲ ಭಾಯಿ. ಗಾಳಿ ಇರೂತನಕ ಅಷ್ಟ."

ಹಾಜಿಸಾಬ ಗಡ್ಡ ನೀವಿಕೊಂಡು ವಿಚಾರ ಮಾಡಿದ. "ಸರಕಾರ ಹೋದೀತು, ಗಾಳಿ ಎಲ್ಲಿ ಹೋಗತೈತಿ? ಬರೂ ಶುಕ್ರವಾರ ನಿಕಾ ಇಟಗೊಳ್ಳೂಣು."

ಅಂದಿನಿಂದ ದಾದೇಸಾಬ ದಫ್ತರಕ್ಕೆ ಬಂದವನೇ ಕಾಯಂ ಜವಾನರಿಗೆ ಸಲಾಮು ಹೊಡೆದು, ಮೊದಲು ಕಿಟಕಿಗಳನ್ನೆಲ್ಲ ತೆರೆಯುತ್ತಾನೆ.