ಸ್ಕೂಟರಿನ ಡಿಕ್ಕಿಯಲ್ಲಿ ನಡೆದ ಹದಿನಾರು ಸಭೆಗಳು

ಫೆಬ್ರವರಿ 9, ಭಾನುವಾರ. ಬರೆಯಲು ಕೂತದ್ದು ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಗಂಟೆ, ನಿಮಿಷ ಬರೆಯದೆ ನನಗೆ ಒಂದು ಸಾಲೂ ಮುಂದಕ್ಕೆ ಹೋಗುವುದಿಲ್ಲ. ಇದೊಂದು ಚಟ, ಒಪ್ಪಿಕೊಳ್ಳುತ್ತೇನೆ. ಸುಗಟೂರಿನ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಹುಳು ಸಾಕುತ್ತಾರೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ, ಎದ್ದ ದಿನ ಎರಡನ್ನೂ ಅಪ್ಪ ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದರು. ನಾನು ಅಕ್ಷರ ಕಲಿಯುವ ಮೊದಲೇ ಆ ಅಂಕಿಗಳನ್ನು ಕಲಿತೆ. ಅಮ್ಮ ಈಗಲೂ ಹಂಗಿಸುತ್ತಾಳೆ: “ಅವ್ರು ಹುಳ ಎಣಿಸಿದ್ರು, ನೀನು ಮನುಷ್ಯರನ್ನ ಎಣಿಸ್ತೀಯ. ಅಷ್ಟೇ ಕಣೇ ನಮ್ಮನೇಲಿ ಆಗಿರೋ ಉದ್ಧಾರ.”

ಮನುಷ್ಯರನ್ನು ಎಣಿಸುವುದು ನನ್ನ ಉದ್ಯೋಗವೂ ಹೌದು. ಕೋಲಾರದಲ್ಲಿ ಒಂದು ಸಣ್ಣ ಟ್ರಸ್ಟಿದೆ. ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯ ಭಾಷೆ ಕಲಿಸುವುದು ಅದರ ಕೆಲಸ. ಇರುವುದು ಒಬ್ಬರೇ ಟೀಚರ್. ವಾರದ ಒಂದೊಂದು ದಿನ ಒಂದೊಂದು ಊರಿಗೆ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಾರೆ. ನಾನು ಅಲ್ಲಿ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಪತ್ರ ಬರೆಯುವವಳು, ಹಾಜರಾತಿ ಪಟ್ಟಿ ಮಾಡುವವಳು, ಬೀರುವಿನ ಬೀಗದ ಕೈ ಕಳೆದರೆ ಬೈಸಿಕೊಳ್ಳುವವಳು, ಮೂರೂ ನಾನೇ. ಮೇಲೆ ನಾಲ್ವರು ಟ್ರಸ್ಟಿಗಳು. ಅಧ್ಯಕ್ಷರು ಕೋಲಾರದ ನಾರಾಯಣಪ್ಪ ಮೇಷ್ಟ್ರು, ನಿವೃತ್ತ ಮುಖ್ಯೋಪಾಧ್ಯಾಯರು. ಮಾಲೂರಿನಲ್ಲಿ ಹೆಂಚಿನ ವ್ಯಾಪಾರದ ಮುನಿರಾಜಣ್ಣ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ವೆಂಕಟರೆಡ್ಡಿಯವರು, ಮುಳಬಾಗಿಲಿನಲ್ಲಿ ಬಟ್ಟೆ ಅಂಗಡಿಯ ಸುಬ್ಬಮ್ಮನವರು. ಮೇಷ್ಟ್ರು ಇವರನ್ನೆಲ್ಲ ಬೇರೆ ಬೇರೆ ವರ್ಷ, ಬೇರೆ ಬೇರೆ ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ಹಿಡಿದು ಟ್ರಸ್ಟಿ ಮಾಡಿದ್ದರು. ಎಲ್ಲರೂ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ಒಂದು ಕೆಟ್ಟ ಕೆಲಸ ನಡೆದುಹೋಯಿತು.

ಮೂರು ತಿಂಗಳಿಗೊಮ್ಮೆ ಟ್ರಸ್ಟಿಗಳು ಸಭೆ ಸೇರಬೇಕು, ಚರ್ಚೆ ಮಾಡಬೇಕು, ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸಭೆಗೆ ಕರೆಯಲು ಫೋನು ಮಾಡಿದೆ. ಒಬ್ಬರಿಗೆ ಮಾವಿನ ಕಾಲ, ಇನ್ನೊಬ್ಬರಿಗೆ ಮದುವೆ ಕಾಲ, ಮತ್ತೊಬ್ಬರಿಗೆ ಮಂಡಿನೋವು. ಮೇಷ್ಟ್ರೇ ದಾರಿ ತೋರಿಸಿದರು: “ಅವರನ್ನ ಯಾಕಮ್ಮಾ ಓಡಾಡಿಸ್ತೀಯ? ಪುಸ್ತಕಾನೇ ತಗೊಂಡ್ ಹೋಗಿ ಸಹಿ ಮಾಡಿಸ್ಕೊಂಡ್ ಬಾ.” ಅಂದಿನಿಂದ ಜನರ ಬದಲು ಪುಸ್ತಕ ನನ್ನ ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಓಡಾಡತೊಡಗಿತು. ಮೇಷ್ಟ್ರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಮೊದಲು ಮಾಲೂರು, ಮರುದಿನ ಶ್ರೀನಿವಾಸಪುರ, ಅಲ್ಲಿಂದ ಮುಳಬಾಗಿಲು, ಕೊನೆಗೆ ಕೋಲಾರದ ಮೇಷ್ಟ್ರ ಮನೆ. ನನ್ನ ಸ್ಕೂಟರಿಗೇ ದಾರಿ ರೂಢಿಯಾಗಿತ್ತು. “ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂದು ಪ್ರತಿ ಸಲ ಬರೆದು ಕೈ ನೋಯುತ್ತಿದ್ದುದರಿಂದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಅದಕ್ಕೊಂದು ರಬ್ಬರ್ ಸೀಲನ್ನೇ ಮಾಡಿಸಿಕೊಂಡೆ. ನೇರಳೆ ಇಂಕಿನಲ್ಲಿ ಬಹಳ ಚೆನ್ನಾಗಿ ಮೂಡುತ್ತಿತ್ತು.

ನಾಲ್ಕು ವರ್ಷದ ಲೆಕ್ಕ ನನ್ನ ಡೈರಿಯಲ್ಲಿದೆ. ಸಭೆ ಹದಿನಾರು. ಹಾಜರಾತಿ ನೂರಕ್ಕೆ ನೂರು. ಸಹಿಗಾಗಿ ಮನೆ ಬಾಗಿಲಿಗೆ ಹೋದದ್ದು ಅರವತ್ತನಾಲ್ಕು ಸಲ. ಕುಡಿದ ಕಾಫಿ ಐವತ್ತೆಂಟು, ಮಜ್ಜಿಗೆ ಐದು, ಏನೂ ಇಲ್ಲದ್ದು ಒಂದು. ಅಂದು ಸುಬ್ಬಮ್ಮನವರ ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಸಹಿಗೆ ಮೊದಲು ಪುಸ್ತಕ ಓದಿದವರು ಎಷ್ಟು ಜನ ಎಂಬ ಕಾಲಂ ಮಾತ್ರ ನಾನು ಹಾಕಿರಲಿಲ್ಲ. ಹಾಕಿದ್ದರೆ ಅದನ್ನು ತುಂಬುವುದು ಸುಲಭವಿತ್ತು. ಮುನಿರಾಜಣ್ಣ ಪೆನ್ನು ಹುಡುಕುತ್ತಾ, “ನಾನೇ ಮೊದಲ್ನೇವ್ನಲ್ವಾ, ಮುಂದಿನೋರು ಓದ್ತಾರೆ ಬಿಡು” ಅನ್ನುತ್ತಿದ್ದರು. ಮೇಷ್ಟ್ರು ಕನ್ನಡಕ ಹುಡುಕದೆಯೇ, “ಮೂರು ಜನ ಓದಿ ಸಹಿ ಹಾಕಿದ್ದಾರಲ್ಲ, ಇನ್ನೇನು” ಅನ್ನುತ್ತಿದ್ದರು. ನಡುವಿನ ಇಬ್ಬರು ಹಿಂದೆ ಒಬ್ಬರು, ಮುಂದೆ ಒಬ್ಬರು ಇರುವ ಧೈರ್ಯದಲ್ಲಿ ಸಹಿ ಹಾಕುತ್ತಿದ್ದರು.

ಹದಿನಾರನೆಯ ಸಭೆ ಡಿಸೆಂಬರಿನಲ್ಲಿ, ಎಂದಿನಂತೆ, ನನ್ನ ಡಿಕ್ಕಿಯಲ್ಲಿ ನಡೆಯಿತು. ಅದಕ್ಕೆ ಮೊದಲು ನಾನು ಊರುವಾರು ಪಟ್ಟಿಯೊಂದನ್ನು ಮಾಡಿ ಮೇಷ್ಟ್ರಿಗೆ ಕಳಿಸಿದ್ದೆ. ಮುಳಬಾಗಿಲು, ಮಕ್ಕಳು ಹನ್ನೊಂದು. ಲಕ್ಕೂರು, ಮಕ್ಕಳು ಎರಡು. ಪಟ್ಟಿಗೆ ಕೆಂಪು ಗೆರೆಯ ಚೌಕಟ್ಟು ಬೇರೆ. ಮೇಷ್ಟ್ರು ಫೋನು ಮಾಡಿದರು: “ಎರಡು ಮಕ್ಕಳಿಗೆ ಒಂದು ಪೂರ್ತಿ ಗುರುವಾರ ಯಾಕಮ್ಮಾ? ಅವರು ಸೋಮವಾರ ಮಾಲೂರಿಗೆ ಬರ್ಲಿ. ಗುರುವಾರ ಮುಳಬಾಗಿಲಿಗೆ ಕೊಡೋಣ. ಬರ್ಕೋ.” ಬರೆದುಕೊಂಡೆ. ಸೀಲು ಒತ್ತಿದೆ. ನಾಲ್ಕು ಸಹಿ, ಮೂರು ಕಾಫಿ, ಒಂದು ಮಜ್ಜಿಗೆ.

ಜನವರಿ 10, ಶುಕ್ರವಾರ, ಹನ್ನೊಂದೂವರೆಗೆ ಒಬ್ಬ ಹೆಂಗಸು ಕಚೇರಿಗೆ ಬಂದರು. ಫ್ಯಾಕ್ಟರಿಯ ನೀಲಿ ಕೋಟನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದರು. ಲಕ್ಕೂರಿನ ಗೌರಮ್ಮ. ಮಗಳು ಚೈತ್ರಾಗೆ ಎಂಟು ವರ್ಷ, ನನ್ನ ಪಟ್ಟಿಯ ಎರಡರಲ್ಲಿ ಒಬ್ಬಳು.

“ಟೀಚರ್ ಎರಡು ಗುರುವಾರದಿಂದ ಬರ್ತಿಲ್ಲ ಮೇಡಂ. ಇನ್ನು ಬರಲ್ಲ ಅಂದ್ರು. ಸೋಮವಾರ ಬೆಳಿಗ್ಗೆ ಮಾಲೂರಿಗೆ ಬನ್ನಿ ಅಂದ್ರು. ಬೆಳಿಗ್ಗೆ ನಂಗೆ ಶಿಫ್ಟು. ನಮ್ಮೂರಲ್ಲಿ ಸಂಜೆ ಐದಕ್ಕೆ ಕ್ಲಾಸು, ನಾನೂ ಕೂತ್ಕೋತಿದ್ದೆ.”

“ಮಗೂನ ಬೇರೆ ಯಾರಾದ್ರೂ ಕರ್ಕೊಂಡ್ ಬರಬಹುದಲ್ವಾ?” ಎಂದೆ, ಪಟ್ಟಿ ಮಾಡಿದವಳ ಧೈರ್ಯದಲ್ಲಿ.

“ಮಗೂಗೆ ಕೈಮಾತು ಬರುತ್ತೆ ಮೇಡಂ. ಕಲೀಬೇಕಾಗಿರೋದು ನಾನು. ಅವಳು ರಾತ್ರಿ ಕನಸು ಕಂಡಿದ್ದು ಹೇಳ್ತಾಳೆ, ನಂಗೆ ಅರ್ಧ ತಿಳಿಯುತ್ತೆ, ಅರ್ಧ ತಿಳಿಯಲ್ಲ. ಈಗೀಗ ಮುಕ್ಕಾಲು ತಿಳೀತಿತ್ತು.” ಕೋಟನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದರು, “ಇದನ್ನ ಯಾರು ತೀರ್ಮಾನ ಮಾಡಿದ್ದು?”

ನಾನು ನಡಾವಳಿ ಪುಸ್ತಕ ತೆರೆದು ತೋರಿಸಿದೆ. ನಾಲ್ಕು ಸಹಿ, ನೇರಳೆ ಸೀಲು. ಅವರು ಗೌರವದಿಂದಲೇ ನೋಡಿದರು.

“ಇವರೆಲ್ಲಾ ಕೂತು ಮಾತಾಡಿದ್ರಾ?”

“ಹೂಂ.”

“ಎಲ್ಲಿ ಕೂತಿದ್ರು ಮೇಡಂ? ಮುಂದಿನ ಸಲ ಕೂತಾಗ ನಾನೂ ಬಂದು ಬಾಗಿಲ ಹತ್ರ ನಿಂತ್ಕೋತೀನಿ. ಒಂದು ಮಾತು ಹೇಳಿ ಹೋಗ್ತೀನಿ.”

ಎಲ್ಲಿ ಕೂತಿದ್ದರು? ನಾನು ಕಿಟಕಿಯಾಚೆ ನಿಂತ ನನ್ನ ಸ್ಕೂಟರನ್ನು ನೋಡಿದೆ. ಮುಂದಿನ ಸಭೆಯ ದಿನ ತಿಳಿಸುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಅಂದು ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ಗೌರಮ್ಮ ಹೋದದ್ದು ಹನ್ನೆರಡು ಗಂಟೆಗೆ, ನೀರನ್ನೂ ಕುಡಿಯಲಿಲ್ಲ.

ಮಧ್ಯಾಹ್ನ ಬೀರುವಿನ ತಳದಿಂದ ಟ್ರಸ್ಟಿನ ಪತ್ರ ತೆಗೆದು ಮೊದಲ ಸಲ ಪೂರ್ತಿ ಓದಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹತ್ತಿತು, ಅದರ ಜೊತೆಗೆ ಒಂದಿಷ್ಟು ನಾಚಿಕೆಯೂ. ಏಳು ದಿನ ಮುಂಚೆ ತಿಳುವಳಿಕೆ ಪತ್ರ ಕಳಿಸಬೇಕು, ಯಾವ ವಿಷಯ ಎಂದು ಅದರಲ್ಲೇ ಬರೆದಿರಬೇಕು, ಕನಿಷ್ಠ ಮೂವರು ಖುದ್ದಾಗಿ ಇರಬೇಕು, ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಬೇಕು. ಎಲ್ಲವನ್ನೂ ಮೇಷ್ಟ್ರೇ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು. ಸಂಜೆ ಅವರ ಮನೆಗೆ ಹೋಗಿ, ಇನ್ನು ಪುಸ್ತಕ ಹೊತ್ತು ತಿರುಗುವುದಿಲ್ಲ ಎಂದೆ. ಗೌರಮ್ಮ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು.

“ಇಸ್ಕೂಲಲ್ಲಿ ಮಕ್ಕಳು ನೋಡಿ ಬರೆದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ಕಣಮ್ಮ,” ಎಂದರು. “ನಾವು ನಾಲ್ಕು ಜನ ನಾಲ್ಕು ವರ್ಷ ಅದನ್ನೇ ಮಾಡಿದ್ದೀವಿ. ನೋಡದೇನೆ ಬೇರೆ. ಪತ್ರ ಕಳಿಸು, ಕೂರೋಣ.”

ಫೆಬ್ರವರಿ 1, ಶನಿವಾರ, ಬೆಳಿಗ್ಗೆ ಹನ್ನೊಂದು. ಹನ್ನೊಂದಕ್ಕೆ ಬಂದವರು ಸೊನ್ನೆ, ಹನ್ನೊಂದೂ ಇಪ್ಪತ್ತಕ್ಕೆ ಇಬ್ಬರು, ಹನ್ನೆರಡಕ್ಕೆ ನಾಲ್ವರೂ. ಬಾಗಿಲ ಹತ್ತಿರ ಗೌರಮ್ಮ. ಮೇಷ್ಟ್ರು ಎದ್ದು ಅವರಿಗೆ ಕುರ್ಚಿ ಹಾಕಿದರು. ಮುನಿರಾಜಣ್ಣ ಪಕ್ಕದಲ್ಲಿ ಕೂತವರನ್ನು ಕೇಳಿದರು, “ತಾವು?”

“ವೆಂಕಟರೆಡ್ಡಿ. ಶ್ರೀನಿವಾಸಪುರ.”

“ಓ, ಆ ಬಾಲ ಇರೋ ಸಹಿ ನಿಮ್ದೇನಾ? ಯಾವಾಗ್ಲೂ ನನ್ ಸಹಿ ಮೇಲೆ ಬಂದು ಕೂತ್ಕೊಂಡ್‌ಬಿಡುತ್ತೆ.”

“ನೀವು ಪೇಪರ್ ಎಲ್ಲಾ ನಿಮ್ದೇ ಅನ್ನೋ ಹಂಗೆ ಹಾಕಿರ್ತೀರಾ, ನಾನ್ ಎಲ್ಲಿ ಹೋಗ್ಲಿ?”

ನಾಲ್ಕು ವರ್ಷ ಒಂದೇ ಪುಟದಲ್ಲಿ ಅಕ್ಕಪಕ್ಕ ಬಾಳಿದವರು ಹೀಗೆ ಪರಿಚಯವಾದರು. ಆಮೇಲೆ ಈ ಸಲ ಮಾವು ಹೂ ಬಿಟ್ಟದ್ದರ ಬಗ್ಗೆ ಇಪ್ಪತ್ತಾರು ನಿಮಿಷ ಮಾತು. ನಾನು ಗಡಿಯಾರ ನೋಡಿ ಬರೆದುಕೊಂಡೆ. ನಡಾವಳಿಯಲ್ಲಿ ಸೇರಿಸಲಿಲ್ಲ.

ಮೇಷ್ಟ್ರು ಹೇಳಿದಂತೆ ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಿದೆ. ಸುಬ್ಬಮ್ಮನವರು ತಮ್ಮ ಗಡಿನಾಡಿನ ತೆಲುಗು ಬೆರೆಸಿ, ನಿಲ್ಲಿಸು ಎಂದು ನಡುವೆಯೇ ತಡೆದರು: “ಆಗಮ್ಮಾ, ಆಗು. ನಮ್ಮೂರಿಗೆ ಎರಡು ದಿನ ಸಿಕ್ಕೈತಾ? ನಂಗೇ ಗೊತ್ತಿಲ್ವಲ್ಲ.”

“ನೀವೇ ಸಹಿ ಹಾಕಿದ್ದೀರಿ ಅಮ್ಮ.”

“ನಾನ್ ಕಾಫಿ ಬೆರೆಸ್ತಿದ್ದೆ ಕಣಮ್ಮಾ ಅವತ್ತು.”

ಗೌರಮ್ಮನಿಗೆ ಮಾತಾಡಲು ಹೇಳಿದರು. ಅವರು ಎದ್ದು ನಿಂತು, ನನಗೆ ಹೇಳಿದ್ದನ್ನೇ ಇನ್ನೂ ಕಡಿಮೆ ಮಾತಿನಲ್ಲಿ ಹೇಳಿದರು. ಜೊತೆಗೆ ಒಂದು ಹೊಸ ವಿಷಯ: ಲಕ್ಕೂರಿನ ಪಾಠಕ್ಕೆ ಮಕ್ಕಳು ಇಬ್ಬರೇ ಆದರೂ ಕೂರುವವರು ಹೆಚ್ಚು. ತಾಯಂದಿರು, ಒಬ್ಬ ಅಜ್ಜಿ, ಚೈತ್ರಾ ಬಿಸ್ಕತ್ತು ಕೊಳ್ಳುವ ಅಂಗಡಿಯಾತ. ವೆಂಕಟರೆಡ್ಡಿಯವರು ನನ್ನ ಕಡೆ ತಿರುಗಿ, “ಪಟ್ಟೀಲಿ ಎರಡು ಅಂತ ಐತಲ್ಲಮ್ಮಾ?” ಎಂದರು. ಪಟ್ಟಿಯಲ್ಲಿ ಮಕ್ಕಳ ಕಾಲಂ ಮಾತ್ರ ಇತ್ತು. ಕೆಂಪು ಚೌಕಟ್ಟಿನ ಹೊರಗೆ ಯಾರು ನಿಂತಿದ್ದಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಹಾಗೆಂದು ಎಲ್ಲರ ಎದುರಿಗೇ ಹೇಳಿದೆ.

ಗುರುವಾರ ಲಕ್ಕೂರಿಗೇ ಇರಲಿ, ಮೂರು ತಿಂಗಳ ನಂತರ ಮತ್ತೆ ಕೂತು ನೋಡೋಣ ಎಂದು ಮೇಷ್ಟ್ರು ಸೂಚಿಸಿದರು. ಮೂವರು ಕೈ ಎತ್ತಿದರು. ಸುಬ್ಬಮ್ಮನವರು ಎತ್ತಲಿಲ್ಲ.

“ಈ ತಾಯಿ ಮೇಲೆ ನಂಗೇನೂ ಕೋಪ ಇಲ್ಲ,” ಎಂದು ಗೌರಮ್ಮನ ಕಡೆ ನೋಡಿ ಹೇಳಿದರು. “ಆದ್ರೆ ನಮ್ಮೂರಲ್ಲಿ ಹನ್ನೊಂದು ಮಕ್ಕಳವ್ರೆ. ಹೋದ ತಿಂಗ್ಳು ವಾರಕ್ಕೆ ಎರಡು ದಿನ ಪಾಠ ಆಗೈತೆ, ಇನ್ಮೇಲೆ ಒಂದೇ ಅಂತ ನಾನ್ ಯಾವ ಮುಖ ಇಟ್ಕೊಂಡು ಹೇಳ್ಲಿ? ನಾನ್ ಬೇಡ ಅಂದೆ ಅಂತ ಬರಿ. ಅವರಮ್ಮಂದ್ರು ಕೇಳಿದ್ರೆ ಪುಸ್ತಕ ತೋರಿಸ್ಬೇಕು.”

ಯಾರೂ ಅವರನ್ನು ಒತ್ತಾಯಿಸಲಿಲ್ಲ. ಗೌರಮ್ಮನೂ ತಲೆಯಾಡಿಸಿದರು; ಕೇಳಿದ್ದು ಸಿಕ್ಕಿದ ಸಂತೋಷ ಮುಖದಲ್ಲಿ ಪೂರ್ತಿ ಇರಲಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಸೀಲಿನ ಡಬ್ಬಿಗೆ ಹೋಗಿ, ಅರ್ಧದಲ್ಲಿ ನಿಂತಿತು. ಒಪ್ಪದವರೂ ಇರುವ ಸಭೆಯನ್ನು ಹೇಗೆ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹದಿನಾರು ಸಭೆಗಳಲ್ಲಿ ಅಂಥದ್ದು ಒಂದೂ ನಡೆದಿರಲಿಲ್ಲ, ಏಕೆಂದರೆ ಹದಿನಾರರಲ್ಲಿ ಒಂದೂ ನಡೆದಿರಲಿಲ್ಲ. ಸದ್ಯಕ್ಕೆ ಸುಬ್ಬಮ್ಮನವರು ಹೇಳಿದ್ದನ್ನು ಅವರ ಮಾತಿನಲ್ಲೇ, ಕಾರಣ ಸಮೇತ, ಬರೆದು ಓದಿ ಹೇಳಿದೆ. “ಆ, ಅಂತೇ,” ಎಂದು ತೆಲುಗಿನಲ್ಲೇ ಒಪ್ಪಿ ಸಹಿ ಹಾಕಿದರು. ಸರ್ವಾನುಮತದ ತೀರ್ಮಾನವೂ ಅಂದು ಒಂದಾಯಿತು: ಕಾರ್ಯದರ್ಶಿ ಇನ್ನು ಮುಂದೆ ಊರಿಗೆ ಹೋಗಿ ನೋಡದೆ ಯಾವ ಪಟ್ಟಿಯನ್ನೂ ಮಾಡತಕ್ಕದ್ದಲ್ಲ. ನಾಲ್ಕು ಕೈಗಳು ಒಟ್ಟಿಗೆ ಎದ್ದವು. ಅದಕ್ಕೆ ಸೀಲು ಒತ್ತಬಹುದಿತ್ತು. ಮನಸ್ಸು ಬರಲಿಲ್ಲ.

ಹಾಗಾಗಿ ಮೊನ್ನೆ 6ನೇ ತಾರೀಖು ಗುರುವಾರ ಲಕ್ಕೂರಿಗೆ ಹೋದೆ. ಶಾಲೆಯ ಜಗುಲಿ, ಸಂಜೆ ಐದು. ಮಕ್ಕಳು ಎರಡು, ತಾಯಂದಿರು ಎರಡು, ಅಜ್ಜಿ ಒಂದು, ಅಂಗಡಿಯಾತ ಒಬ್ಬ, ಪಕ್ಕದ ಮನೆಯ ಹೆಣ್ಣುಮಕ್ಕಳು ಮೂವರು. ಒಟ್ಟು ಒಂಬತ್ತು. ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸುತ್ತಾ ಎರಡು ಸಲ ಎಣಿಸಿ ಖಚಿತ ಮಾಡಿಕೊಂಡೆ. ಚೈತ್ರಾ ನನ್ನನ್ನೇ ನೋಡುತ್ತಿದ್ದಳು. ಈ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಅವರ ಗುರುತಿನ ಮೇಲೆ ಒಂದು ಸನ್ನೆಯ ಹೆಸರಿಡುತ್ತಾರಂತೆ. ಗೌರಮ್ಮನಿಗೆ ಕೆನ್ನೆಯ ಗುಳಿ, ಟೀಚರಿಗೆ ಹೆಗಲ ಚೀಲ. ಮಗು ತಾಯಿಯ ಕಡೆ ತಿರುಗಿ, ತನ್ನ ಪುಟ್ಟ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಸರಸರ ಓಡಿಸಿ ನನ್ನ ಕಡೆ ತೋರಿಸಿತು. ಇಡೀ ಜಗುಲಿ ನಕ್ಕಿತು. ಗೌರಮ್ಮ, “ಇದು ಪೂರ್ತಿ ತಿಳೀತು ಮೇಡಂ” ಎಂದರು.

ಅಮ್ಮನಿಗೆ ಹೇಳಿದರೆ, “ಎಂಟು ವರ್ಷದ ಮಗೂಗೆ ಐದು ನಿಮಿಷಕ್ಕೆ ಗೊತ್ತಾಯ್ತು ನೋಡು” ಎಂದಳು. ಐದಲ್ಲ, ಏಳು ನಿಮಿಷ. ಅವಳನ್ನು ತಿದ್ದದೆ ಡೈರಿಯಲ್ಲಿ ಮಾತ್ರ ಬರೆದುಕೊಂಡೆ.

ಈಗ ಇದನ್ನು ಓದುತ್ತಿರುವ ನಿಮ್ಮಲ್ಲೊಂದು ಕೇಳಿಕೆ. ಸಭೆಯಲ್ಲಿ ಒಬ್ಬರು ಬೇಡ ಎಂದಾಗ ಅವರಿಗೂ ಮರ್ಯಾದೆ ಇರುವಂತೆ, ತೀರ್ಮಾನಕ್ಕೂ ಬಲ ಇರುವಂತೆ ನಡಾವಳಿಯಲ್ಲಿ ಹೇಗೆ ಬರೆಯುವುದು, ಒಂದು ಊರಿನ ಎರಡಕ್ಕೂ ಇನ್ನೊಂದು ಊರಿನ ಹನ್ನೊಂದಕ್ಕೂ ಒಬ್ಬರೇ ಟೀಚರನ್ನು ಹೇಗೆ ಹಂಚುವುದು, ತಿಳಿದವರಿದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ಕಳಿಸಿ. ನಾಲ್ವರನ್ನೂ ಕೂರಿಸಿ ಗಟ್ಟಿಯಾಗಿ ಓದುತ್ತೇನೆ. ಎಷ್ಟು ಪತ್ರ ಬಂದವೆಂದು ಎಣಿಸುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ. ಮುಗಿಸಿದ್ದು ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ.