ನೂರಾ ಐದರ ಕಾಲ್ಗುಣ

ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಫೋನ್ ಮಾಡಿ ಕರೆಸಿಕೊಳ್ಳುತ್ತದೆ. ಕಲಘಟಗಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ತಂಬೂರ, ದುಮ್ಮವಾಡ ಅಂತ ಸುತ್ತಲಿನ ಊರುಗಳಿಗೆ ಗಾಡಿಯ ಮೇಲೆ ತಿರುಗುತ್ತೇನೆ. ಮೊದಮೊದಲು ಬ್ಯಾಗಿನಲ್ಲಿ ಸ್ಕ್ರೂಡ್ರೈವರಿನ ಜೊತೆಗೆ ನಾನೇ ತಿಳಿದವನೆಂಬ ಹಮ್ಮನ್ನೂ ಒಯ್ಯುತ್ತಿದ್ದೆ. ಅದನ್ನು ಇಳಿಸಿದ್ದು ಒಂದು ಹಳ್ಳಿಯ ಸೊಸೈಟಿ. ಊರ ಹೆಸರು ಹೇಳುವುದಿಲ್ಲ. ಮತ್ತೆ ಅಲ್ಲಿ ನಾನು ಚಾ ಕುಡಿಯಬೇಕು.

೧. ಸಂತೆಯ ಜಾಗ

ಸೊಸೈಟಿಯೆಂದರೆ ರೈತರಿಗೆ ಬಿತ್ತನೆ ಬೀಜ ಹಂಚುವ ಸಂಘ. ಒಳಗಿನ ಖೋಲಿಯಲ್ಲಿ ಒಂದು ಸರ್ವರ್, ಹೊರಗೆ ಎರಡು ಕೌಂಟರು. ಊರ ರೈತರ ಪಟ್ಟಿಯೆಲ್ಲ ಸರ್ವರಿನಲ್ಲಿ. ಕೌಂಟರಿನ ಕಂಪ್ಯೂಟರು ಅದನ್ನು ಕೇಳಿ ಚೀಟಿ ಹರಿದು ಕೊಡಬೇಕು. ಕೇಳಬೇಕಾದರೆ ಸರ್ವರಿನ ನಂಬರು ಗೊತ್ತಿರಬೇಕು. ತೊಂದರೆ ಇದ್ದದ್ದೇ ಅಲ್ಲಿ. ಕರೆಂಟ್ ಹೋಗಿ ಬಂದಾಗೊಮ್ಮೆ ಸರ್ವರ್ ಹೊಸ ನಂಬರು ತೆಗೆದುಕೊಂಡು ಏಳುತ್ತಿತ್ತು. ಕೌಂಟರಿನವು ಹಳೆಯ ನಂಬರಿಗೇ ಕೂಗಿ ಕೂಗಿ ಸುಮ್ಮನಾಗುತ್ತಿದ್ದವು. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆಂದು ಬರೆದು ತಿಳಿಸಬೇಕಾಗಿಲ್ಲ.

ನಾನು ಹೋಗಿ ಸೆಕ್ರೆಟರಿಯವರನ್ನು ಕೂಡಿಸಿಕೊಂಡು ವಿವರಿಸಿದೆ. ಗೋಡೆಗೆ ತೂಗಿಬಿಟ್ಟ ವೈಫೈ ಡಬ್ಬಿ ಕೇಳಿದವರಿಗೆಲ್ಲ ನಂಬರು ಹಂಚುತ್ತದೆ, ಡೈನಾಮಿಕ್, ಸ್ಟ್ಯಾಟಿಕ್, ಅದು ಇದು ಅಂತ ಅರ್ಧ ತಾಸು. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಅಂದರು, "ನೀವು ಭಾಳ ಛಲೋ ಹೇಳಿದ್ರಿ. ಆದ್ರ ಏನ್ ಹೇಳಿದ್ರಿ ಅನ್ನೂದು ಅಷ್ಟ ತಿಳೀಲಿಲ್ಲ."

ಅಲ್ಲೇ ಕಸ ಹೊಡೆಯುತ್ತಿದ್ದ ಹೆಂಗಸು ನೆಟ್ಟಗೆ ನಿಂತಳು. ಎಲ್ಲರೂ ಆಕೆಯನ್ನು ಅವ್ವ ಅಂತಲೇ ಕರೆಯುತ್ತಾರೆ. ಸೊಸೈಟಿಯ ಬಾಗಿಲು ತೆಗೆಯುವುದು, ನೀರು ತುಂಬುವುದು, ಚಾ ಮಾಡುವುದು ಎಲ್ಲ ಈಕೆಯೇ. ಕಲಿತದ್ದು ನಾಲ್ಕನೇ ಇಯತ್ತೆ.

"ಸಾಹೇಬ್ರ, ನಮ್ಮವ್ವ ಸಂತ್ಯಾಗ ಮೆಣಸಿನಕಾಯಿ ಮಾರತಿದ್ಲು. ಆಕೀದು ಖಾಯಂ ಜಾಗಾ. ಗಿರಾಕಿ ಕಣ್ಣ ಮುಚ್ಚಿ ಬರತಿದ್ರು. ಉಳದ ಮಂದಿ ಜಾಗಾ ಸಿಕ್ಕಲ್ಲೆ ಕುಂದ್ರತಾರ, ಅವರ ಗಿರಾಕಿ ಹುಡುಕ್ಯಾಡಿ ಹುಡುಕ್ಯಾಡಿ ಮನೀಗೆ ಹೋಗತಾರ. ಈ ಸರ್ವರಿಗೂ ಒಂದು ಖಾಯಂ ಜಾಗಾ ಮಾಡಿ ಕೊಡತೀನಿ ಅನ್ನಾಕತ್ತಾರ ಅವ್ರು."

ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇದನ್ನು ಇಷ್ಟು ಚೊಕ್ಕಟವಾಗಿ ಯಾರೂ ಹೇಳಿರಲಿಲ್ಲ. ಆಗ ಸರ್ವರಿನ ನಂಬರಿನ ಕೊನೆಯಲ್ಲಿ ನೂರಾ ಐದು ಅಂತ ಇತ್ತು. ಅದನ್ನೇ ಖಾಯಂ ಮಾಡಿ ಕೈ ಝಾಡಿಸಿಕೊಂಡೆ.

ಸೆಕ್ರೆಟರಿಯವರಿಗೆ ಮಾತ್ರ ನನ್ನ ಮೇಲೆ ಸಿಟ್ಟು. "ಇಷ್ಟ ಇದ್ದದ್ದಕ್ಕ, ಅರ್ಧಾ ತಾಸು ಇಂಗ್ಲಿಷಿನ್ಯಾಗ ಯಾಕ ಬೈದ್ರಿ ನನಗ?"

೨. ಅಳತೆಗೆ ಸರಿಯಾದ ತೂತು

ಬೀಜದ ಹಂಗಾಮು ಶುರುವಾಗುವ ಮುಂಚೆ ಆ ಸೊಸೈಟಿಯಲ್ಲಿ ತಕ್ಕಡಿಗೆ ಪೂಜೆ ಮಾಡುವ ಪದ್ಧತಿ. ಈ ವರ್ಷ ಸೆಕ್ರೆಟರಿಯವರಿಗೆ ಅನಿಸಿತು, ತಕ್ಕಡಿ ತೂಗುತ್ತದೆ ಸರಿ, ಆದರೆ ಲೆಕ್ಕ ಇಡುವುದು ಸರ್ವರಲ್ಲವೇ? ಅದನ್ನೂ ಹೊರಗೆ ತಂದು ಪೂರ್ವಕ್ಕೆ ಮುಖ ಮಾಡಿ ಕೂಡಿಸಿದರು. ಹೂವು ಏರಿಸಿದರು, ಕಾಯಿ ಒಡೆದರು, ಊರ ಮಂದಿಗೆ ಮಂಡಕ್ಕಿ ಹಂಚಿದರು. ಪೂಜೆ ಮುಗಿದ ಮೇಲೆ ಒಳಗೆ ಒಯ್ದು ಇಟ್ಟು ಚಾಲೂ ಮಾಡಿದರೆ ಕೌಂಟರುಗಳಿಗೆ ಸರ್ವರ್ ಸಿಗಲೇ ಇಲ್ಲ.

ಸೆಕ್ರೆಟರಿಯವರಿಂದ ಫೋನ್ ಬಂತು. ನಾನು ಕೇಳಿದೆ, "ವಾಯರ್ ಹಾಕೀರೇನ್ರಿ?"

"ಹಾಕೀವ್ರಿ."

"ಮೊದಲ ಎಲ್ಲಿತ್ತು, ಅಲ್ಲೇ ಹಾಕೀರೇನ್ರಿ?"

"ಅದರ ಬಾಜೂಕ ಹಾಕೀವ್ರಿ. ಅಲ್ಲಿ ಜಾಗಾ ಇರಲಿಲ್ಲ."

ಜಾಗ ಇರಲಿಲ್ಲವೆಂದರೇನೆಂದು ತಿಳಿಯದೆ ಬಿಸಿಲಲ್ಲಿ ಗಾಡಿ ಹೊಡೆದುಕೊಂಡು ಹೋದೆ. ಸರ್ವರಿನ ಬೆನ್ನಿಗೆ ವಾಯರು ಸಿಗಿಸುವ ತೂತು ಎರಡು. ನಾನು ಖಾಯಂ ನಂಬರು ಕೊಟ್ಟಿದ್ದು ಒಂದಕ್ಕೆ ಮಾತ್ರ. ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಆ ತೂತಿನಲ್ಲಿ ಒಂದಲ್ಲ, ಮೂರು ಊದಿನಕಡ್ಡಿಗಳ ಬುಡ ಮುರಿದು ಕೂತಿದ್ದವು.

ಸೆಕ್ರೆಟರಿಯವರು ಒಂದು ಚೂರೂ ನಾಚಲಿಲ್ಲ. "ಊದಿನಕಡ್ಡಿ ಸ್ಟ್ಯಾಂಡ್ ಸಿಗಲಿಲ್ರಿ. ಇದು ಅಗದಿ ಅಳತೀಗೆ ಇತ್ತು."

ಚಿಮಟಿಗೆಯಿಂದ ಒಂದೊಂದೇ ಬುಡ ಕಿತ್ತೆ, ಬೂದಿ ಊದಿದೆ, ವಾಯರು ಮೊದಲಿನ ಜಾಗಕ್ಕೆ ಹಾಕಿದೆ. ಕೌಂಟರು ಜೀವ ಹಿಡಿದವು. ಇನ್ನೊಮ್ಮೆ ಹೀಗಾಗಬಾರದೆಂದು ಅಚ್ಚು ಹಾಕಿದ ಚೀಟಿಯೊಂದನ್ನು ತೂತಿನ ಪಕ್ಕ ಅಂಟಿಸಲು ಹೊರಟಿದ್ದೆ. ಅವ್ವ ತಡೆದಳು.

"ಚೀಟಿ ಯಾರ್ ಓದತಾರ ತಮ್ಮಾ?" ಎಂದು ಪೂಜೆಯ ತಾಟಿನಿಂದ ಬೆರಳಲ್ಲಿ ಕುಂಕುಮ ತೆಗೆದು ಸರಿಯಾದ ತೂತಿನ ಮೇಲೆ ಒಂದು ಬೊಟ್ಟು ಇಟ್ಟಳು. "ಇನ್ನ ನೋಡು, ಇದರಾಗಿಂದ ವಾಯರ್ ಕೀಳಾಕ ಯಾರಿಗೂ ಧೈರ್ಯ ಆಗೂದಿಲ್ಲ."

ನಿಜ ಹೇಳುತ್ತೇನೆ, ಅಂದಿನಿಂದ ಹೋದಲ್ಲೆಲ್ಲ ನನ್ನ ಬ್ಯಾಗಿನಲ್ಲಿ ಒಂದು ಕುಂಕುಮದ ಡಬ್ಬಿ ಇರುತ್ತದೆ. ನೋಡಿದವರು ನನ್ನನ್ನು ದೊಡ್ಡ ದೈವಭಕ್ತ ಎಂದುಕೊಂಡಿದ್ದಾರೆ.

೩. ಚೇರ್ಮನ್ನರು ಬಂದರು

ಸೊಸೈಟಿಯ ಚೇರ್ಮನ್ನರಿಗೆ ಎಪ್ಪತ್ತು ದಾಟಿದೆ. ಧೋತರ, ಬಿಳಿ ಟೊಪ್ಪಿಗೆ, ಕಾಲಲ್ಲಿ ಕರಕರ ಅನ್ನುವ ಮೆಟ್ಟು. ಈ ಕಟ್ಟಡಕ್ಕೆ ಸ್ವತಃ ಕಲ್ಲು ಹೊತ್ತವರು. ರೈತನ ಮುಖ ನೋಡಿದರೆ ಅವನ ಹೊಲ ಕಪ್ಪು ಎರೆಯೋ ಕೆಂಪು ಮಸಾರಿಯೋ, ಎಷ್ಟು ಬೀಜ ಬೇಕು, ಎಷ್ಟು ಹೆಚ್ಚಿಗೆ ಕೇಳುತ್ತಿದ್ದಾನೆ ಎಲ್ಲ ಹೇಳಬಲ್ಲರು. ಪಟ್ಟಿಯಲ್ಲಿ ತಪ್ಪಿದ್ದರೆ ನಾವು ಸರ್ವರನ್ನು ಕೇಳುತ್ತಿರಲಿಲ್ಲ, ಅವರನ್ನು ಕೇಳುತ್ತಿದ್ದೆವು. ಅಂಥವರು ಕಣ್ಣಿಗೆ ಬೀಳುವುದೇ ಕಡಿಮೆ; ನನಗೆ ಅವರೆಂದರೆ ಬಹಳ ಅಭಿಮಾನ.

ಪೂಜೆಯಾದ ಮರುವಾರ ರೈತರ ಹೆಸರು ಬರೆದುಕೊಳ್ಳುವ ಕೆಲಸ ಶುರುವಾಯಿತು. ಚೇರ್ಮನ್ನರು ಬಂದು, "ಹೆಂಗ ನಡದೈತ್ರಪಾ?" ಅಂದರು. ಎರಡೂ ಕೌಂಟರು ನಿಂತವು. ಅವರು ಅರ್ಧ ತಾಸು ಕೂತು, ಬೇಜಾರಾಗಿ ಎದ್ದು ಹೋದರು. ಕೌಂಟರು ಚಾಲೂ ಆದವು. ಮರುದಿನ ಮತ್ತೆ ಅದೇ. ಮೂರನೇ ಸಲವೂ ಅದೇ. ಪ್ರತಿ ಸಲ ನನಗೆ ಫೋನ್ ಬರುತ್ತಿತ್ತು, ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು. "ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ, ಅಷ್ಟೇ" ಅಂತ ದೊಡ್ಡ ಮಾತಾಡಿ, ಚಾ ಕುಡಿದು ಬರುತ್ತಿದ್ದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ಚೇರ್ಮನ್ನರ ಕಾಲ್ಗುಣ ಸರಿ ಇಲ್ಲ ಅಂತ ಮಾತು ಹಬ್ಬಿತು. ಓಣಿಯ ತಿರುವಿನಲ್ಲಿ ಬಿಳಿ ಟೊಪ್ಪಿಗೆ ಕಂಡರೆ ಸಾಕು, ಪಾಳಿಯಲ್ಲಿ ಸಾಲಾಗಿ ನಿಂತವರು, "ಬಂದ್ರು, ಬಂದ್ರು! ಲಗೂನ ಚೀಟಿ ಹರೀರಿ!" ಅಂತ ಗದ್ದಲ ಹಾಕುತ್ತಿದ್ದರು. ಒಂದು ದಿನ ಅದು ಅವರ ಕಿವಿಗೇ ಬಿತ್ತು. ಅವರು ಯಾರ ಮೇಲೂ ರೇಗಲಿಲ್ಲ. ಅಲ್ಲಿಂದಲೇ ಹೊರಳಿ ಮನೆಗೆ ಹೋದರು. ಮತ್ತೆ ಸೊಸೈಟಿ ಕಡೆ ತಲೆ ಹಾಕಲಿಲ್ಲ.

ಸೆಕ್ರೆಟರಿಯವರಿಗೂ ಸಂಕಟವೇ. ಆದರೆ ಅವರು ವ್ಯವಹಾರದ ಮನುಷ್ಯ. "ಸಹಿ ಬೇಕಾದ್ರ ನಾವ ಅವರ ಹೊಲಕ್ಕ ಹೋಗತೀವ್ರಿ" ಅಂದರು. "ಅಲ್ಲಿ ನಿಲ್ಲಾಕ ಸರ್ವರ್ ಇಲ್ಲಲ್ಲ."

೪. ಫೋನ್ ಮರೆತ ದಿನ

ಮಿರಗದ ಮಳೆ, ಅಂದರೆ ಮೃಗಶಿರಾ, ಚೆನ್ನಾಗಿ ಹಿಡಿಯಿತು. ಎರಡು ದಿನ ಬಿಟ್ಟು ಮಳೆ ನಿಂತು ಹೊಳವಾಯಿತು. ನೆಲ ಹದಕ್ಕೆ ಬಂದಿದೆ, ಇನ್ನೆರಡು ದಿನ ತಡವಾದರೆ ಬಿತ್ತಿಗೆ ಕೆಡುತ್ತದೆ. ಬೀಜ ಹಂಚುವ ಮೊದಲ ದಿನ ಬೆಳಿಗ್ಗೆಯೇ ಪಾಳಿ ರಸ್ತೆ ಮುಟ್ಟಿತ್ತು. ಏನಾದರೂ ಆದರೆ ಇರಲಿ ಅಂತ ನನ್ನನ್ನೂ ಕರೆಸಿ ಕೂಡಿಸಿದ್ದರು. ಚೀಟಿ ಸರಾಗವಾಗಿ ಬರುತ್ತಿದ್ದವು. ಚೇರ್ಮನ್ನರ ಖುರ್ಚಿ ಮಾತ್ರ ಖಾಲಿ. ಸೊಸೈಟಿ ಹುಟ್ಟಿದ ಮೇಲೆ ಅವರಿಲ್ಲದೆ ಬೀಜ ಹಂಚಿದ್ದು ಅದೇ ಮೊದಲಂತೆ.

ಅವ್ವ ಚಾ ತಂದು ಕೊಟ್ಟು, ನನ್ನ ಹತ್ತಿರ ಬಗ್ಗಿ ಅಂದಳು, "ತಮ್ಮಾ, ಒಂದು ಮಾತ ಹೇಳಲಿ? ಚೇರ್ಮನ್ನರು ಒಂದಿನ ಫೋನ್ ಮನ್ಯಾಗ ಮರತು ಬಂದಿದ್ರು. ಅವತ್ತ ಏನೂ ನಿಲ್ಲಲಿಲ್ಲ. ಆಮ್ಯಾಲ ಸೊಸಿ ಫೋನ್ ತಂದು ಕೊಟ್ಲು ನೋಡು, ಕೊಟ್ಟ ಕೂಡ್ಲೇ ನಿಂತ್ವು."

ಚಾ ಅಲ್ಲೇ ಇಟ್ಟೆ. ವೈಫೈ ಡಬ್ಬಿಯ ಪಟ್ಟಿ ತೆಗೆದು ನೋಡಿದೆ. ಯಾವ ಫೋನಿಗೆ ಯಾವ ನಂಬರು ಅಂತ ಅಲ್ಲಿ ಬರೆದಿರುತ್ತದೆ. ಚೇರ್ಮನ್ನರ ಫೋನಿನ ಮುಂದೆ ನೂರಾ ಐದು!

ನಡೆದದ್ದು ಇಷ್ಟು. ನೂರಾ ಐದು ನಿನ್ನದು ಅಂತ ಸರ್ವರಿಗೆ ಹೇಳಿದ್ದೆ. ನಂಬರು ಹಂಚುವ ಡಬ್ಬಿಗೆ, ಅದನ್ನು ಬೇರೆಯವರಿಗೆ ಕೊಡಬೇಡ ಅಂತ ಹೇಳಿರಲಿಲ್ಲ. ಪೂಜೆಯ ದಿನ ಸರ್ವರಿನ ವಾಯರು ಕಿತ್ತಾಗ ಆ ನಂಬರು ಖಾಲಿ ಕಂಡಿತು. ಅದೇ ಹೊತ್ತಿಗೆ ಚೇರ್ಮನ್ನರು ಹೊಸ ಫೋನು ಹಿಡಿದು ಮಂಡಕ್ಕಿ ತಿನ್ನಲು ಬಂದಿದ್ದರು. ಸೆಕ್ರೆಟರಿಯವರು ಪ್ರೀತಿಯಿಂದ ವೈಫೈ ಹಾಕಿಕೊಟ್ಟಿದ್ದರು. ಡಬ್ಬಿ ಆ ಫೋನಿಗೆ ನೂರಾ ಐದು ಕೊಟ್ಟು ನೆನಪಿಟ್ಟುಕೊಂಡಿತು. ಅಂದಿನಿಂದ ಅವರು ಹೊಸ್ತಿಲು ದಾಟಿದರೆ ಸಾಕು, ಒಂದೇ ನಂಬರಿಗೆ ಇಬ್ಬರು. ಕೌಂಟರುಗಳು ಸರ್ವರನ್ನು ಕೇಳುವ ಬದಲು ಚೇರ್ಮನ್ನರ ಜೇಬನ್ನು ಕೇಳುತ್ತಿದ್ದವು. ತಪ್ಪು ಪೂರಾ ನನ್ನದು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಆದರೆ ಇಲ್ಲಿ ಮಾಡಿದವನು ನಾನು, ಉಂಡವರು ಆ ಹಿರಿಯರು.

ಇನ್ನು ಮೇಲೆ ಆ ನಂಬರನ್ನು ಯಾರಿಗೂ ಹಂಚದಂತೆ ಡಬ್ಬಿಯನ್ನು ಸರಿ ಮಾಡಿ, ಅವ್ವನಿಗೆ ಎಲ್ಲ ಹೇಳಿದೆ. ಆಕೆ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

"ಅಂದ್ರ ಖಾಯಂ ಜಾಗಾ ಕೊಟ್ಟಿ, ಜಾಗಾ ಹಂಚಾವಗ ಹೇಳಲಿಲ್ಲ."

"ಹೌದವ್ವಾ."

"ಸಂತ್ಯಾಗ ಹಿಂಗ ಮಾಡಿದ್ದಿ ಅಂದ್ರ, ಇಷ್ಟೊತ್ತಿಗೆ ಮೈಮ್ಯಾಲ ಚಪ್ಪಲಿ ಬೀಳತಿದ್ವು."

೫. ಜೋಡಿ

ಗಾಡಿ ಹತ್ತಿ ಚೇರ್ಮನ್ನರ ಮನೆಗೆ ಹೋದೆ. ಅಂಗಳದಲ್ಲಿ ಕೂರಿಗೆ ಬಿಗಿ ಮಾಡುತ್ತ ಕೂತಿದ್ದರು. "ಮಿಷಿನ್ ಆರಾಮ ಐತಿಲ್ಲೋ?" ಅಂತ ಜ್ವರ ಬಂದವರನ್ನು ವಿಚಾರಿಸಿದ ಹಾಗೆ ಕೇಳಿದರು. ಕೈ ಜೋಡಿಸಿ, "ಕಾಕಾ, ನಿಮ್ಮ ಕಾಲ್ಗುಣ ಅಲ್ರಿ, ತಪ್ಪು ನಂದು" ಎಂದು ಮೊದಲಿಂದ ಕೊನೆಯತನಕ ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಅವರು ಬೈಯಲಿಲ್ಲ. ಕೂರಿಗೆಯ ಹಗ್ಗಕ್ಕೆ ಕೊನೆಯ ಗಂಟು ಹಾಕಿ, "ಇದನ್ನ ಮಂದಿ ಮುಂದ ಹೇಳತೀ?" ಅಂದರು.

"ಹೇಳತೀನ್ರಿ."

ಟೊಪ್ಪಿಗೆ ಹಾಕಿಕೊಂಡು ನನ್ನ ಗಾಡಿ ಹತ್ತಿದರು.

ನಾವು ಬರುವುದು ಕಂಡು ಪಾಳಿಯಲ್ಲಿ ಗುಜುಗುಜು ಎದ್ದಿತು. ಒಬ್ಬಿಬ್ಬರು ಕೌಂಟರಿನ ಕಡೆ ನುಗ್ಗಿದರು. ನಾನು ಬಾಗಿಲ ಕಟ್ಟೆಯ ಮೇಲೆ ನಿಂತು, ತಪ್ಪು ನನ್ನದು, ಯಜಮಾನರದಲ್ಲ, ಬೇಕಾದರೆ ಈಗಲೇ ತೋರಿಸುತ್ತೇನೆ ಅಂತ ಕೂಗಿ ಹೇಳಿದೆ. ಚೇರ್ಮನ್ನರು ಫೋನನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದು, ಹೊಸ್ತಿಲು ದಾಟಿ, ತಮ್ಮ ಖುರ್ಚಿಯಲ್ಲಿ ಹೋಗಿ ಕೂತರು. ಇಡೀ ಪಾಳಿ ಉಸಿರು ಬಿಗಿಹಿಡಿಯಿತು. ಕೌಂಟರಿನ ಪ್ರಿಂಟರ್ ಕರ್ ಅಂತ ಒಂದು ಚೀಟಿ ಹೊರಗೆ ಹಾಕಿತು. ಮತ್ತೊಂದು. ಮಗದೊಂದು. ಮಂದಿ ಚಪ್ಪಾಳೆ ಹೊಡೆದರು, ಒಬ್ಬ ಸಿಳ್ಳೆ ಹಾಕಿದ, ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೇರ್ಮನ್ನರ ಮುಖ ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು.

ಆಗ ಕರೆಂಟ್ ಹೋಯಿತು.

ಫ್ಯಾನು ನಿಂತವು, ಪ್ರಿಂಟರು ಅರ್ಧ ಚೀಟಿ ಬಾಯಲ್ಲಿ ಕಚ್ಚಿಕೊಂಡು ನಿಂತಿತು. ನೂರಾರು ಕಣ್ಣು ಸಾವಕಾಶವಾಗಿ ಚೇರ್ಮನ್ನರ ಕಡೆ ಹೊರಳಿದವು.

"ನಾ ಅಲ್ರೋ!" ಅಂದರು ಚೇರ್ಮನ್ನರು.

ಪಾಳಿಯಲ್ಲಿ ಚೀಲ ಹಿಡಿದು ನಿಂತಿದ್ದ ಒಬ್ಬ ಮುದುಕಿ, "ಅವರ್ದೇನ್ ತಪ್ಪೈತ್ರಿ?" ಎಂದು ಅವರ ಪರ ನಿಂತಳು. ನಂತರ ಬೆರಳು ನನ್ನ ಕಡೆ ತಿರುಗಿಸಿದಳು. "ಇಂವ ಇದ್ದಲ್ಲೇ ಎಲ್ಲಾ ನಿಲ್ಲತೈತಿ. ಇಂವ ಬಂದಾಗೆಲ್ಲಾ ಏನರ ಕೆಟ್ಟ ಇರತೈತಿಲ್ಲೋ, ನೀವ ಹೇಳ್ರಿ."

ಲೆಕ್ಕ ಹಾಕಿದರೆ ಆಕೆಯ ಮಾತು ಸುಳ್ಳಲ್ಲ. ಅದೊಂದು ದಿನ ಬಿಟ್ಟರೆ, ಏನಾದರೂ ಕೆಡದೆ ನಾನು ಆ ಸೊಸೈಟಿಗೆ ಎಂದೂ ಹೋದವನಲ್ಲ. ಪಾಳಿಯೆಲ್ಲ ಹೌದು ಹೌದು ಅಂದಿತು. ಸೆಕ್ರೆಟರಿಯವರು ಕೂಡ ವಿಚಾರ ಮಾಡುವ ಮುಖ ಮಾಡಿದರು.

ಚೇರ್ಮನ್ನರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. "ಬಾರಪಾ, ಹೊರಗ ಕುಂದ್ರೂಣು. ಇವರ ಕೂಡ ವಾದಾ ಬ್ಯಾಡ. ನನಗ ಗೊತ್ತೈತಿ."

ಇಬ್ಬರೂ ಹೊರಗೆ ಹೋಗಿ, ರಸ್ತೆಯ ಆಚೆ ಬಿದ್ದಿದ್ದ ಕಲ್ಲಿನ ಮೇಲೆ ಕೂತೆವು. ಕೂತು ಧೋತರ ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗೆ ಫ್ಯಾನು ತಿರುಗಿದವು, ಪ್ರಿಂಟರ್ ಕರ್ ಅಂದಿತು, ಪಾಳಿಯಿಂದ ಹೋ ಎಂದು ಕೂಗು ಎದ್ದಿತು.

ನಾನು ಏಳಲು ಹೋದೆ. ಚೇರ್ಮನ್ನರು ಕೈ ಹಿಡಿದು ಎಳೆದು ಕೂಡಿಸಿದರು.

"ಏಳಬ್ಯಾಡ. ಮಂದೀದು ಬೀಜ ಮುಗೀಲಿ" ಅಂದರು, ನಗುತ್ತ. "ಇಷ್ಟ ದಿನ ಒಬ್ಬನ ಕುಂದ್ರತಿದ್ದೆ. ಈಗ ಜೋಡಿ ಆತು."